ಘೋಡಗೇರಿಯ ಸತ್ತೆವ್ವ ಮತ್ತು ಮೊರಾಕ್ಕೊದ ಆಟ

ಘೋಡಗೇರಿಯ ಸತ್ತೆವ್ವ ಕೂಲಿಗಾಗಿ ಹೊಲಗಳಿಗೆ ನೀರು ಹಾಯಿಸುವ ಹೆಂಗಸು. ಅದು ಗಂಡಸರ ಕೆಲಸವೆಂದು ಊರು ಗೊಣಗಿದ್ದು ಮೊದಲ ವರ್ಷ ಮಾತ್ರ. ಅವಳು ಸಲಿಕೆ ಹಿಡಿದ ಹೊಲದಲ್ಲಿ ಬದು ಒಡೆಯುವುದಿಲ್ಲ ಎಂದು ಗೊತ್ತಾದ ಮೇಲೆ ಗೊಣಗುವ ಬಾಯಿಗಳು ಮುಚ್ಚಿದವು. ಕಾಲುವೆ ನೀರಿನ ಧರಣಿಯಲ್ಲಿ ಪೊಲೀಸರು ರಟ್ಟೆ ಹಿಡಿದು ಎಳೆದಾಗಲೂ ಕೂತ ಜಾಗ ಬಿಡದವಳು. ಫುಟ್‌ಬಾಲ್ ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಮಗಳು ಆಮ್ರಪಾಲಿ ಸಾಲೆಯ ತಂಡದಲ್ಲಿ ಓಡುತ್ತಾಳೆ ಎಂಬಷ್ಟೇ ತಿಳಿದಿತ್ತು.

ಆ ತಂಡ ನಾಗನೂರಿನ ಹುಡುಗಿಯರಿಂದ ಒಂಬತ್ತು ಗೋಲು ತಿಂದು ಬಂದಿತ್ತು. ಹೆಡ್‌ಮಾಸ್ತರ ವೀರಪ್ಪ, ಆಟದ ಮಾಸ್ತರ ಸೋಮಲಿಂಗನಿಗೆ ಕಡ್ಡಿ ಮುರಿದಂತೆ ಹೇಳಿದರು:

“ಮುಂದಿನ ವಾರ ಗೋಕಾಕದಾಗ ಮತ್ತ ಅವರ ಜೋಡಿನ ಆಟ ಐತಿ. ಸೋತ್ರ ಹುಡಿಗ್ಯಾರ ಫುಟ್‌ಬಾಲ್ ಬಂದ್. ಇನ್ನ ಮರ್ಯಾದಿ ಕಳಕೊಳ್ಳಾಕ ನನ್ನ ಕಡೆ ಆಗಂಗಿಲ್ಲ.”

ಸೋಮಲಿಂಗ ಮೊಬೈಲಿನಲ್ಲಿ ಹುಡುಕಿ ಒಂದು ಹಳೆಯ ಆಟ ತೆಗೆದ. 2022ರ ವಿಶ್ವಕಪ್ಪಿನಲ್ಲಿ ಮೊರಾಕ್ಕೊ, ಬಲಾಢ್ಯ ಪೋರ್ಚುಗಲ್ಲನ್ನು ಒಂದೇ ಗೋಲಿನಿಂದ ಕೆಡವಿದ ಆಟ. ಸಂಜೆ ಮೈದಾನದಲ್ಲಿ ಹುಡುಗಿಯರಿಗೆ ತೋರಿಸಿದ. ಮಗಳನ್ನು ಕರೆಯಲು ಬಂದ ಸತ್ತೆವ್ವನೂ ಸಲಿಕೆ ಹೆಗಲಿಗಿಟ್ಟುಕೊಂಡೇ ಹಿಂದೆ ನಿಂತು ನೋಡಿದಳು.

ಮರುದಿನ ಸೋಮಲಿಂಗ, ಗೋಲು ಬಿಡದಿದ್ದರೆ ಸಾಕೆಂದು, ಹನ್ನೊಂದೂ ಹುಡುಗಿಯರನ್ನು ಗೋಲಿನ ಮುಂದೆ ಗುಡ್ಡೆ ಹಾಕಿ ನಿಲ್ಲಿಸಿದ. ಅವರು ಒದ್ದ ಚೆಂಡು ಒದ್ದಷ್ಟೇ ವೇಗದಲ್ಲಿ ಮರಳಿ ಬಂತು. ಎದುರು ಆಡಲು ಕರೆದ ಹುಡುಗರು ಏಳು ಗೋಲು ಹೊಡೆದರು.

“ಏನ್ರಿ ಸರ, ನಾಕೂ ಕಡೆ ಬದು ಹಾಕೀರಿ,” ಎಂದು ಅಂದೂ ಮಗಳನ್ನು ಕರೆಯಲು ಬಂದಿದ್ದ ಸತ್ತೆವ್ವ ನಕ್ಕಳು. “ನೀರ ಎಲ್ಲಿ ಹೋಗಬೇಕ್ರಿ? ಹಿಂಗ ಮುಚ್ಚಿದ್ರ ಒಡದ ಹೋಗತೈತಿ.”

“ನೀರ ಬ್ಯಾರೆ, ಫುಟ್‌ಬಾಲ್ ಬ್ಯಾರೆ ಸತ್ತೆವ್ವಾ.”

“ಮತ್ತೊಮ್ಮಿ ನೋಡ್ರಿ. ಆ ಮಂದಿ ನಡುವ ಮುಚ್ಚಿ, ಬಾಜೂಕ ಒಂದ ಬಾಯಿ ಬಿಟ್ಟಾರ. ಚೆಂಡ ಸಿಕ್ಕ ಕೂಡಲೇ ಅಲ್ಲಿಂದನ ಹರೀತಾರ. ನಿಮ್ಮ ಕಣ್ಣ ಬರೇ ಚೆಂಡಿನ ಮ್ಯಾಲ.”

ಸೋಮಲಿಂಗ ಮತ್ತೆ ನೋಡಿದ. ಹಿಂದೆ ನಾಲ್ವರು, ಅವರ ಮುಂದೆ ಐವರು, ತುದಿಯಲ್ಲಿ ಒಬ್ಬನೇ. ಚೆಂಡು ಎಡಕ್ಕೆ ಹೊರಳಿದರೆ ಇಡೀ ಸಾಲು ಎಡಕ್ಕೆ. ಒಬ್ಬ ಮುನ್ನುಗ್ಗಿದರೆ ಅವನು ಬಿಟ್ಟ ಸಂದಿಯನ್ನು ಪಕ್ಕದವನು ಆಗಲೇ ತುಂಬಿರುತ್ತಿದ್ದ. ಚೆಂಡು ಬಹುಪಾಲು ಪೋರ್ಚುಗಲ್ಲಿನವರದೇ, ಆಟ ಮಾತ್ರ ಮೊರಾಕ್ಕೊದ್ದು. ನಾಲ್ಕು ಸಲ ನೋಡಿಯೂ ಆಟದ ಡಿಗ್ರಿಯವನಿಗೆ ಕಾಣದ್ದನ್ನು ಈ ಹೆಂಗಸು ನಿಂತ ನಿಲುವಿನಲ್ಲಿ ಕಂಡಿದ್ದಳು.

ಸತ್ತೆವ್ವ ಸಲಿಕೆಯಿಂದ ನೆಲದಲ್ಲಿ ಗೆರೆ ಎಳೆದು ಯಾರು ಎಲ್ಲಿ ನಿಲ್ಲಬೇಕೆಂದು ತೋರಿಸಿದಳು. ಎಲ್ಲರಿಗಿಂತ ಮುಂದೆ, ತುದಿಯಲ್ಲಿ ಮಗಳನ್ನು ನಿಲ್ಲಿಸಿದಳು.

“ಅವ್ವಾ, ಎಲ್ಲಾರೂ ಒದಿಸಿಕೊಳ್ಳೂ ಹೊತ್ತಿನ್ಯಾಗ ನಾ ಸುಮ್ನ ನಿಂದರ್ಲೇನ?” ಎಂದಳು ಆಮ್ರಪಾಲಿ.

“ನಿಂದರ. ನಿಂದರೂದೂ ದುಡಿಮಿನ ಐತಿ.”

ಗೋಕಾಕದಲ್ಲಿ ಮುಕ್ಕಾಲು ಆಟ ಚೆಂಡು ನಾಗನೂರಿನವರ ಕಾಲಲ್ಲೇ ಇತ್ತು. “ಏ ಘೋಡಗೇರಿ, ಚೆಂಡ ಮುಟ್ಟಿದ್ರ ದಂಡ ಬೀಳತೈತೇನ?” ಎಂದು ಮಂದಿ ಕೇಕೆ ಹಾಕಿದರು. ವೀರಪ್ಪನವರ ಮೋರೆ ಕಪ್ಪಿಟ್ಟಿತು. ಸೋಮಲಿಂಗನ ಧೈರ್ಯವೂ ಸೋರತೊಡಗಿತು. ಆಮ್ರಪಾಲಿಯನ್ನು ಹಿಂದಕ್ಕೆ ಕರೆಯಲು ಬಾಯಿ ತೆಗೆದ.

“ಕರದ್ರಂದ್ರ ಎಲ್ಲಾ ಹಾಳ,” ಎಂದಳು ಪಕ್ಕದಲ್ಲೇ ನಿಂತಿದ್ದ ಸತ್ತೆವ್ವ. ಸೋಮಲಿಂಗ ಹುಡುಗಿಯನ್ನು ಅಲ್ಲೇ ಬಿಟ್ಟ.

ಆಟ ಮುಗಿಯಲು ಎಂಟು ನಿಮಿಷ. ಗೋಲು ಸಿಗದೆ ರೋಸಿದ ನಾಗನೂರಿನವರು, ಹಿಂದೆ ಕಾಯುವವರೂ ಸೇರಿ, ಮುಂದಕ್ಕೆ ನುಗ್ಗಿದರು. ಘೋಡಗೇರಿಯ ನಂದಿನಿ ಎಂಬ ಹುಡುಗಿ ಚೆಂಡು ಕಸಿದು ತಲೆ ಎತ್ತದೆಯೇ ಎಡಬದಿಗೆ ಒದ್ದಳು. ಅಲ್ಲಿ ಯಾರೂ ಇರಲಿಲ್ಲ. ಮರುಕ್ಷಣ ಆಮ್ರಪಾಲಿ ಇದ್ದಳು. ಅರ್ಧ ಮೈದಾನ ಅವಳೊಬ್ಬಳದೇ. ಗೋಲು.

ಒಂದಕ್ಕೆ ಸೊನ್ನೆಯಲ್ಲಿ ಆಟ ಮುಗಿಯಿತು. ವೀರಪ್ಪ ಸೋಮಲಿಂಗನ ಪಕ್ಕಕ್ಕೆ ಬಂದು ಕೆಮ್ಮಿದರು.

“ನಾಳಿ ಪ್ರಾಕ್ಟೀಸ್ ಎಷ್ಟಕ್ಕ್ರಿ ಮಾಸ್ತರ?”

“ನನ್ನ ಕೇಳಬ್ಯಾಡ್ರಿ ಸರ. ಅಕಿನ್ನ ಕೇಳ್ರಿ.”

ಗೋಲಾದ ಮೇಲೆ ತನ್ನ ಜಾಗಕ್ಕೆ ಮರಳದೆ ಕುಣಿಯುತ್ತ ನಿಂತದ್ದಕ್ಕೆ ಮಗಳನ್ನು ಬೈಯುತ್ತಿದ್ದ ಸತ್ತೆವ್ವ ತಿರುಗಿ ನೋಡಿದಳು.

“ಐದರ ಮ್ಯಾಲ ಇಡ್ರಿ,” ಎಂದಳು. “ಅದಕಿಂತ ಮೊದ್ಲ ನನಗ ಹೊಲ ಬಿಡಾಕ ಆಗಂಗಿಲ್ಲ.”