ಇಬ್ಬರು ಆಡುವ ಆಟ

ಹೊಸ ವಿಡಿಯೊ ಗೇಮ್ ಬರುತ್ತಿದೆ ಎಂದರೆ ಈ ವಯಸ್ಸಿನಲ್ಲೂ ನನಗೆ ಅನ್ನ ಸೇರುವುದಿಲ್ಲ. ಮನೆಯಲ್ಲಿ ಮೊಮ್ಮಕ್ಕಳಿಗಿಂತ ಮೊದಲು ಸುದ್ದಿ ಗೊತ್ತಾಗುವುದು ನನಗೇ. ದೊಡ್ಡ ದೊಡ್ಡ ಕಂಪನಿಗಳ ಯಜಮಾನರು ವೇದಿಕೆಯ ಮೇಲೆ ಅತ್ತಿಂದಿತ್ತ ಓಡಾಡುತ್ತ, ಜಗತ್ತನ್ನೇ ಜೋಡಿಸಿಬಿಡುತ್ತೇವೆ ಎಂದು ಕೈ ಬೀಸುವುದನ್ನು ಒಂದೂ ಬಿಡದೆ ನೋಡುತ್ತೇನೆ. ಅವರ ಮೇಲೆ ನನಗೇನೂ ಸಿಟ್ಟಿಲ್ಲ. ಆದರೆ ಆ ಮಾತು ಕೇಳಿದಾಗಲೆಲ್ಲ ಕೊಪ್ಪದ ಬಸ್ ಸ್ಟ್ಯಾಂಡಿನ ಹತ್ತಿರ ಇದ್ದ ಒಂದು ವಾಚಿನ ಅಂಗಡಿ ನೆನಪಾಗುತ್ತದೆ. ಕೋಟಿಗಟ್ಟಲೆ ಜನರನ್ನು ಜೋಡಿಸುವುದು ಹಾಗಿರಲಿ ಸ್ವಾಮಿ, ನನಗೆ ಬೇಕಾಗಿದ್ದವಳು ಒಬ್ಬಳೇ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಶೃಂಗೇರಿಯಿಂದ ಜಯಪುರದ ಮೇಲೆ ಬರುವ ಬಸ್ಸು ಹಿಡಿದು ಕೊಪ್ಪಕ್ಕೆ ಟೈಪಿಂಗ್ ಕಲಿಯಲು ಹೋಗುತ್ತಿದ್ದೆ. ನನ್ನ ಪಕ್ಕದ ಮೆಷಿನ್ನಿನಲ್ಲಿ ಕೂರುತ್ತಿದ್ದವಳು ಆ ವಾಚಿನ ಅಂಗಡಿಯವರ ಮಗಳು. ಕ್ಲಾಸು ಮುಗಿದ ಮೇಲೆ ನನ್ನ ಬಸ್ಸಿಗೆ ಇನ್ನೂ ಹೊತ್ತಿರುತ್ತಿತ್ತು. ಬಸ್ ಸ್ಟ್ಯಾಂಡಿನಲ್ಲಿ ಹುಡುಗಿ ಒಬ್ಬಳೇ ನಿಲ್ಲುವುದು ಬೇಡ ಎಂದು ಅವಳ ಅಪ್ಪನೇ ನನ್ನನ್ನು ಅಂಗಡಿಯ ಒಳಗಿನ ಬೆಂಚಿನ ಮೇಲೆ ಕೂರಿಸುತ್ತಿದ್ದರು. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ವಾಚು ಬಿಚ್ಚುತ್ತಿದ್ದರೆ, ನಾವಿಬ್ಬರೂ ಹಿಂದೆ ಕೂತು ಹರಟುತ್ತಿದ್ದೆವು.

ಅವಳ ಅಣ್ಣ ದುಬೈಯಲ್ಲಿದ್ದ. ಒಮ್ಮೆ ರಜೆಗೆ ಬಂದವನು ತಂಗಿಗೆ ಸೋಪಿನ ಪೆಟ್ಟಿಗೆಯಷ್ಟು ದೊಡ್ಡ ಆಟದ ಪೆಟ್ಟಿಗೆಯೊಂದನ್ನು ತಂದುಕೊಟ್ಟ. ಅದರ ಪುಟ್ಟ ಪರದೆಯಲ್ಲಿ ಒಂದು ದೋಣಿ, ದೋಣಿಯಲ್ಲಿ ಬಲೆ ಹಿಡಿದ ಒಬ್ಬ, ನೀರಿನಿಂದ ಮೇಲೆ ಹಾರುವ ಕಪ್ಪು ಮೀನುಗಳು. ಎಡಕ್ಕೊಂದು ಗುಂಡಿ, ಬಲಕ್ಕೊಂದು ಗುಂಡಿ. ಅವಳು ಆಡಿ ತೋರಿಸಿ ನನ್ನ ಕೈಗೆ ಕೊಟ್ಟಳು.

ನಮ್ಮದು ತುಂಗೆಯ ದಡದಲ್ಲಿ ಮಂಡಕ್ಕಿ ಮಾರುವ ಮನೆ. ಶೃಂಗೇರಿಗೆ ಬಂದವರು ಅದನ್ನು ಕೊಂಡು ಹೊಳೆಯ ಮೀನುಗಳಿಗೆ ಹಾಕುತ್ತಾರೆ. ಅವು ದೇವರ ಮೀನು, ಯಾರೂ ಮುಟ್ಟುವಂತಿಲ್ಲ. ಮೀನು ಎಂದರೆ ಕರೆದು ಉಣ್ಣಿಸುವುದು ಎಂದೇ ತಿಳಿದು ಬೆಳೆದವಳು ನಾನು. ಅವಳು ಆಡಿದ್ದನ್ನು ಕಣ್ಣಾರೆ ನೋಡಿದ್ದರೂ, ಪೆಟ್ಟಿಗೆ ಕೈಗೆ ಬಂದದ್ದೇ ತಡ, ಮೀನು ಹಾರಿದಾಗಲೆಲ್ಲ ಬಲೆ ತಾಗದಂತೆ ದೋಣಿಯನ್ನು ಆಚೆಗೆ ಸರಿಸಿ ಸರಿಸಿ ಕಾಪಾಡಿದೆ. ಎಷ್ಟು ಚೆನ್ನಾಗಿ ಆಡುತ್ತಿದ್ದೇನೆ ಎಂದುಕೊಳ್ಳುವಷ್ಟರಲ್ಲಿ ಪೆಟ್ಟಿಗೆ ಕಿರ್ರೆಂದು ಕಿರುಚಿ ಆಟವನ್ನೇ ಮುಗಿಸಿಬಿಟ್ಟಿತು.

"ಎಂತ ಮಾರಾಯ್ತಿ, ಹಿಡಿ ಅಂದ್ರೆ ಓಡಿಸ್ತೀಯಲ್ಲ!" ಅವಳು ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕಳು.

"ಪಾಪ ಬರಲ್ವನೇ?"

"ಪೆಟ್ಟಿಗೆ ಮೀನಿಗೆ ಎಂತ ಪಾಪ? ಆಯ್ತು, ಹೀಗೆ ಮಾಡುವ. ಎಡಗಡೆ ಗುಂಡಿ ನಂದು, ಬಲಗಡೆದು ನಿಂದು. ಪಾಪ ಬಂದ್ರೆ ಇಬ್ರಿಗೂ ಅರ್ಧರ್ಧ."

ಅಲ್ಲಿಂದ ನಮ್ಮ ಆಟ ಹೀಗೆಯೇ ಆಯಿತು. ಪೆಟ್ಟಿಗೆ ಇಬ್ಬರ ನಡುವೆ, ಅವಳ ಎಡಗೈ, ನನ್ನ ಬಲಗೈ, ಭುಜಕ್ಕೆ ಭುಜ ಒತ್ತಿಕೊಂಡು ಕೂರುವುದು. ಮೀನು ಎಡಕ್ಕೆ ಹಾರಿದರೆ ಅವಳ ಉಸಿರು ನಿಲ್ಲುವುದು ನನಗೆ ಗೊತ್ತಾಗುತ್ತಿತ್ತು. ಬರುಬರುತ್ತ ನಾನೂ ಪಾಪದ ಲೆಕ್ಕ ಬಿಟ್ಟು ಹಿಡಿಯತೊಡಗಿದೆ. ಮನೆಯಲ್ಲಿ ಒಬ್ಬಳೇ ಆಡಲು ಹೋದರೆ ಬಲಗೈ ಮಾತೇ ಕೇಳುವುದಿಲ್ಲ ಎಂದು ಅವಳು ದೂರುತ್ತಿದ್ದಳು. ಅದನ್ನು ಕೇಳಿ ನನಗೆ ಎಷ್ಟು ಖುಷಿಯಾಗುತ್ತಿತ್ತೆಂದು ಅವಳಿಗೆ ಹೇಳಲೇ ಇಲ್ಲ.

ದುಬೈಯಿಂದ ಬಂದ ಗಾಜಿನ ಲೋಟಗಳಿಗೆ ಸುತ್ತಿದ್ದ ಇಂಗ್ಲಿಷ್ ಪತ್ರಿಕೆಯ ಹಾಳೆಯೊಂದರಲ್ಲಿ ಆಟದ ಕಂಪನಿಯ ಯಜಮಾನನ ಚಿತ್ರವಿತ್ತು. ಕೋಟು ಹಾಕಿ, ಕೈಯಲ್ಲಿ ಹೊಸ ಯಂತ್ರ ಹಿಡಿದು, ಮದುಮಗನ ಹಾಗೆ ನಗುತ್ತಿದ್ದ. ನನಗೆ ನೆನಪಿರುವ ಮಟ್ಟಿಗೆ ನಾನು ಕಂಡ ಮೊದಲ ಟೆಕ್ನಾಲಜಿ ದೊರೆ ಅವನೇ. ಅವಳ ಅಪ್ಪ ಕೆಳಗಿದ್ದುದನ್ನು ಓದಿ ಹೇಳಿದರು. ಇನ್ನು ಮೇಲೆ ಮನೆಯ ಟಿವಿಗೇ ಸಿಕ್ಕಿಸಿ ಇಬ್ಬರು ಒಟ್ಟಿಗೆ ಆಡಬಹುದಂತೆ, ಇದುವರೆಗೆ ಬಂದ ಆಟಗಳೆಲ್ಲ ಇದರ ಮುಂದೆ ಏನೂ ಅಲ್ಲವಂತೆ.

"ಇಬ್ರು ಆಡೋದನ್ನ ಇವ್ನು ಈಗ ಕಂಡುಹಿಡಿದ್ನಾ ಅಬ್ಬಾ? ನಾವು ಆಗ್ಲೇ ಆಡ್ತಾ ಇಲ್ವಾ?" ಎಂದು ಅವಳು ಅಪ್ಪನನ್ನು ಕೇಳಿದಳು.

"ಪಾಪ, ಅವ್ನಿಗೆ ಕೊಪ್ಪದ ಸುದ್ದಿ ಮುಟ್ಟಿಲ್ಲ," ಎಂದು ಅವರು ಮತ್ತೆ ವಾಚಿಗೆ ಬಗ್ಗಿದರು.

ತಮಾಷೆ ಮಾಡಿದೆವು ಅಷ್ಟೆ, ಆಸೆ ಹತ್ತಿದ್ದು ಇಬ್ಬರಿಗೂ ಹತ್ತಿತು. ಆ ಯಂತ್ರವನ್ನೇ ತರಬೇಕೆಂದು ಅವಳು ಅಣ್ಣನ ಬೆನ್ನು ಬಿದ್ದಳು. ಅಷ್ಟರಲ್ಲಿ ನರಸಿಂಹರಾಜಪುರದ ಹುಡುಗನೊಬ್ಬನ ಜೊತೆ ಅವಳ ಮದುವೆ ನಿಶ್ಚಯವಾಯಿತು. ಅವನೂ ದುಬೈಯಲ್ಲಿ ಕೆಲಸಕ್ಕಿದ್ದವನು, ಮದುವೆಯಾದ ಮೇಲೆ ಅವಳೂ ಅಲ್ಲಿಗೇ ಹೋಗುವುದು. ಅವಳು ಸಂತೋಷವಾಗಿದ್ದಳು, ನನಗೆ ಅದೇ ನೋವು. ಹೋಗಬೇಡ ಎನ್ನಲು ನಾನು ಯಾರು? ಕೊನೆಗೆ ನನ್ನ ಆಸೆಯೆಲ್ಲ ಒಂದಕ್ಕೇ ಬಂದು ನಿಂತಿತು: ಅಣ್ಣ ಮದುವೆಗೆ ಬರುವಾಗ ಆ ಯಂತ್ರ ತರಲಿ, ಅವಳು ಹೋಗುವ ಮೊದಲು ಒಂದೇ ಒಂದು ಸಲ ಇಬ್ಬರೂ ಕೂತು ಆಡುವಂತಾಗಲಿ. ಶಾರದಾಂಬೆಗೂ ಹರಕೆ ಹೊತ್ತೆ. ಇಂಥ ಹರಕೆಯನ್ನು ಅಮ್ಮನವರು ಅದಕ್ಕೆ ಮೊದಲು ಕೇಳಿರಲಾರರು.

ಅಣ್ಣ ಬಂದ, ಯಂತ್ರವೂ ಬಂತು. ಆದರೆ ಬಂದದ್ದು ಮದುವೆಯ ಹಿಂದಿನ ದಿನ, ಅವಳ ಕೈಗೆ ಮದರಂಗಿ ಹಾಕಿ ಮುಗಿಸುವ ಹೊತ್ತಿಗೆ. ಶೆಟ್ಟಿಕೊಪ್ಪದಿಂದ ಬಂದಿದ್ದ ಅವಳ ಖಾಲಾ, ಅಂದರೆ ಚಿಕ್ಕಮ್ಮ, ಬೆಳಿಗ್ಗೆಯಿಂದ ಕೂತು ಬೆರಳ ತುದಿಯಿಂದ ಮೊಣಕೈವರೆಗೆ ಬಳ್ಳಿ ಹೂವು ಬಿಡಿಸಿದ್ದರು. ಅದು ಒಣಗಿ ಬಣ್ಣ ಕೂರುವ ತನಕ ಮದುಮಗಳು ಏನನ್ನೂ ಮುಟ್ಟಬಾರದು. ನೀರನ್ನೂ ಬೇರೆಯವರೇ ಕುಡಿಸಬೇಕು. ಮದರಂಗಿಯ ದಿನ ತಂಗಿಗೆ ಜಾಯ್‌ಸ್ಟಿಕ್ ತಂದುಕೊಡುವ ಅಣ್ಣನಿಗೆ ಏನು ಹೇಳೋಣ!

ಅವನು ಟಿವಿಗೆ ವೈರು ಸಿಕ್ಕಿಸಿಯೇಬಿಟ್ಟ. ಪರದೆಯ ಮೇಲೆ ಒಂದು ಹೊಳೆ, ದಡದಲ್ಲಿ ಇಬ್ಬರು ಪುಟ್ಟವರು, ಒಬ್ಬ ನೀಲಿ, ಒಬ್ಬ ಕೆಂಪು. ನೀರಿನಲ್ಲಿ ತೇಲಿ ಬರುವ ದಿಮ್ಮಿಗಳ ಮೇಲೆ ಹಾರಿ ಆಚೆ ದಾಟಬೇಕು. ಒಬ್ಬರು ಎಷ್ಟೇ ಮುಂದೆ ಹೋದರೂ ಇನ್ನೊಬ್ಬರು ಬಂದು ಸೇರುವ ತನಕ ಪರದೆ ಸರಿಯುವುದಿಲ್ಲ. ನೀಲಿ ನಾನಾದೆ. ಅವಳು ನನ್ನ ಪಕ್ಕದಲ್ಲಿ ಎರಡೂ ಕೈ ಮೇಲೆತ್ತಿಕೊಂಡು ಕೂತಳು. ನಾನು ದಾಟಿ ಆಚೆ ದಡದಲ್ಲಿ ನಿಂತೆ. ಅವಳ ಕೆಂಪು ಈಚೆಯೇ ಉಳಿಯಿತು.

"ಒಣಗ್ಲಿ, ಆಮೇಲೆ ಆಡುವ," ಎಂದೆ. ಆಮೇಲೆ ಎನ್ನುವುದು ಇಲ್ಲವೆಂದು ನನಗೂ ಗೊತ್ತಿತ್ತು. ಮನೆ ತುಂಬ ನೆಂಟರು, ಮಕ್ಕಳು ಆಗಲೇ ಟಿವಿಯ ಮುಂದೆ ಮುತ್ತಿಕೊಂಡಿದ್ದರು, ನನ್ನ ಕೊನೆಯ ಬಸ್ಸಿಗೆ ಹೊತ್ತಾಗಿತ್ತು.

ಅವಳು ನನ್ನ ಮುಖ ನೋಡಿದಳು, ಒಳಕೋಣೆಯ ಕಡೆ ನೋಡಿದಳು, ಹಸಿ ಮದರಂಗಿಯ ಕೈಯಲ್ಲೇ ಜಾಯ್‌ಸ್ಟಿಕ್ ಎತ್ತಿಕೊಂಡಳು.

"ಅಯ್ಯೋ, ಇದೆಂತ ಮಾಡ್ದೆ! ಹೂವೆಲ್ಲ ಹಾಳಾಯ್ತಲ್ಲ ಹುಡುಗಿ!" ಖಾಲಾ ಓಡಿ ಬಂದರು.

"ಒಂದು ಹೊಳೆ ಖಾಲಾ, ಒಂದೇ ಹೊಳೆ!"

ಅವಳು ದಿಮ್ಮಿಯಿಂದ ದಿಮ್ಮಿಗೆ ಹಾರಿದಳು, ನಾನು ಆಚೆ ದಡದಲ್ಲಿ ನಿಂತು ಈಗ ಹಾರು, ಈಗ ಬೇಡ ಎಂದು ಕೂಗಿದೆ. ಅವಳು ಬಂದು ಮುಟ್ಟಿದಳು. ಪರದೆ ಸರಿಯಿತು. ಇಬ್ಬರೂ ಕಿರುಚಿದೆವು. ಖಾಲಾ ಜಾಯ್‌ಸ್ಟಿಕ್ ಕಿತ್ತುಕೊಂಡು ಅವಳನ್ನು ಒಳಗೆ ಎಳೆದುಕೊಂಡು ಹೋದರು. ನಾವು ಒಟ್ಟಿಗೆ ಆಡಿದ್ದು ಅಷ್ಟೇ.

ಮರುದಿನ ಅವಳ ಕೈ ಕೆಂಪಗೆ ಬಂದಿತ್ತು, ಬಲಗೈ ಹೆಬ್ಬೆರಳೊಂದು ಮಾತ್ರ ಕಲಸಿಹೋಗಿತ್ತು. ಗಂಡಿನ ಕಡೆಯ ಹೆಂಗಸರು ಅದನ್ನು ನೋಡಿ ಕಣ್ಣಿನಲ್ಲೇ ಮಾತಾಡಿಕೊಂಡರು. ಅವಳು ನನ್ನ ಕಡೆ ತಿರುಗಿ ಆ ಬೆರಳನ್ನು ಮಡಚಿ ಬಿಚ್ಚಿ ತೋರಿಸಿದಳು. ಕಾರು ಹೊರಟಾಗ ನಾನು ಅಳಬಾರದೆಂದುಕೊಂಡಿದ್ದೆ, ಅತ್ತೆ.

ಅವಳು ದುಬೈಗೆ ಹೋದ ಮೇಲೆ ನನಗೆ ಆ ಅಂಗಡಿಯ ಮುಂದೆ ಹಾದುಹೋಗುವುದೇ ಕಷ್ಟವಾಯಿತು. ಒಂದು ದಿನ ಅವಳ ಅಪ್ಪನೇ ಕರೆದು, "ಮನೆಗೆ ಹೋಗಿ ಬಾ ಮಗಳೇ, ಅವಳ ಅಮ್ಮ ನಿನ್ನನ್ನ ಕೇಳ್ತಾ ಇರ್ತಾಳೆ," ಎಂದರು. ಹೋದೆ. ಆ ಮನೆಯಲ್ಲಿ ಅಷ್ಟು ಮೌನವನ್ನು ನಾನು ಎಂದೂ ಕಂಡಿರಲಿಲ್ಲ. ಅಮ್ಮ ಚಹಾ ಕೊಟ್ಟರು. ಅಣ್ಣ ಯಂತ್ರವನ್ನು ಅಲ್ಲಿಯೇ ಬಿಟ್ಟುಹೋಗಿದ್ದ. ಅದರ ಮೇಲೆ ಹೊದಿಸಿದ್ದ ಬಟ್ಟೆ ತೆಗೆದು, "ಆಡು, ಸುಮ್ನೆ ಬಿದ್ದಿದೆ," ಎಂದರು.

ಬೇಡವೆನ್ನಲು ಮನಸ್ಸು ಬರಲಿಲ್ಲ. ನೀಲಿಯನ್ನು ದಾಟಿಸಿ ಆಚೆ ದಡದಲ್ಲಿ ನಿಲ್ಲಿಸಿದೆ. ಪರದೆ ಸರಿಯಲಿಲ್ಲ. ಇನ್ನೊಂದು ಜಾಯ್‌ಸ್ಟಿಕ್ ನೆಲದ ಮೇಲಿತ್ತು, ಅದನ್ನು ಎತ್ತಿಕೊಳ್ಳಲು ನನಗೆ ಕೈ ಬರಲಿಲ್ಲ. ಅಮ್ಮ ಹಿಂದೆ ನಿಂತು ನೋಡುತ್ತಲೇ ಇದ್ದರು.

"ಇದ್ರಲ್ಲಿ ನಮ್ಮವಳು ಯಾವ್ದು ಮಗಳೇ?"

ಈಚೆ ದಡದಲ್ಲಿ ನಿಂತಿದ್ದ ಕೆಂಪನ್ನು ತೋರಿಸಿದೆ. ಅಮ್ಮ ಟಿವಿಯ ಹತ್ತಿರ ಬಂದು ಕೂತರು. ಸ್ವಲ್ಪ ಹೊತ್ತಾದ ಮೇಲೆ ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಸ್ವಿಚ್ಚಿಗೆ ಕೈ ಚಾಚಿದೆ.

"ಆಫ್ ಮಾಡ್ಬೇಡ," ಎಂದರು ಅಮ್ಮ. "ಇರ್ಲಿ. ಈ ದಡದಲ್ಲೇ ನಿಂತಿದ್ದಾಳಲ್ಲ."