ಚೆನ್ನಾಗಿದೆ ಎಂದು ಮಾವ ಹೇಳಲಿಲ್ಲ

ಆ ಫ್ರೇಮು ನನಗೆ ಸಿಕ್ಕಿದ್ದು ರಾಬರ್ಟ್‌ಸನ್‌ಪೇಟೆಯ ಒಂದು ಗುಜರಿ ಅಂಗಡಿಯಲ್ಲಿ. ಡಬಲ್ ಬಾರಿನ ಹಳೇ ಸೈಕಲ್ಲಿನದು. ಚಕ್ರವಿಲ್ಲ, ಸೀಟಿಲ್ಲ, ಬಣ್ಣ ಪೂರ್ತಿ ಹೋಗಿ ಕಂದು ತುಕ್ಕು ಹಿಡಿದಿತ್ತು. ನೋಡಿದ ಕೂಡಲೇ ಎರಡು ಬಾರುಗಳ ನಡುವೆ ಒಂದು ಉದ್ದನೆಯ ಪೆಟ್ರೋಲ್ ಟ್ಯಾಂಕು ಕೂತಂತೆ ನನ್ನ ಕಣ್ಣಿಗೆ ಕಂಡಿತು.

ನಾನು ಐಟಿಐಯಲ್ಲಿ ಫಿಟ್ಟರ್ ಕಲಿತವಳು. ಬಂಗಾರಪೇಟೆಯ ಪಂಪ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹಳ್ಳಿಯಿಂದ ಅಲ್ಲಿಗೆ ಏಳು ಕಿಲೋಮೀಟರ್. ಮಂಡಿ ನೋವು ಶುರುವಾದ ಮೇಲೆ ಸೈಕಲ್ ತುಳಿಯುವುದು ಕಷ್ಟವಾಗಿತ್ತು. ಒಂದು ಸ್ಕೂಟರ್ ತಗೋ ಎಂದು ಗಂಡ ಹೇಳುತ್ತಲೇ ಇದ್ದ. ಆದರೆ ಹಳೇ ಕಾಲದ ಮೋಟಾರು ಸೈಕಲ್ಲುಗಳನ್ನು ಫೋನಿನಲ್ಲಿ ನೋಡಿ ನೋಡಿ ನನ್ನ ಕೈ ತುರಿಸುತ್ತಿತ್ತು. ತೋಟಕ್ಕೆ ಔಷಧಿ ಹೊಡೆಯುವ ಪಂಪಿನ ಇಂಜಿನ್ನೊಂದು ಅಂಗಡಿಯಲ್ಲಿ ವಾರಸುದಾರರಿಲ್ಲದೆ ಬಿದ್ದಿತ್ತು. ಅಂಗಡಿ ಮಾಲೀಕರನ್ನು ಕೇಳಿ ತಂದುಕೊಂಡೆ.

ಫ್ರೇಮನ್ನು ಕೊಟ್ಟಿಗೆಯ ಜಗಲಿಯ ಮೇಲೆ ಇಟ್ಟ ಸಂಜೆ ನಮ್ಮ ಮಾವ, ಅಂದರೆ ಗಂಡನ ತಂದೆ, ಹಾಲು ಕರೆದು ಎದ್ದವರು ಕೈ ಒರೆಸಿಕೊಳ್ಳುತ್ತ ಅದರ ಹತ್ತಿರ ಬಂದರು. ಅವರು ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಭೂಮಿಯೊಳಗೆ ದುಡಿದವರು, ಗಣಿ ಮುಚ್ಚಿದ ಮೇಲೆ ದನ ಕಟ್ಟಿಕೊಂಡವರು. ನನ್ನ ಚಿಕ್ಕ ಸುತ್ತಿಗೆ ತೆಗೆದುಕೊಂಡು ಪೈಪಿಗೆ ಮೆಲ್ಲಗೆ ತಟ್ಟಿದರು. ಒಂದೊಂದು ಪೈಪಿಗೂ ತಟ್ಟಿ, ಇನ್ನೊಂದು ಕೈಯ ಬೆರಳನ್ನು ಅದರ ಮೇಲಿಟ್ಟು, ತಲೆ ಓರೆ ಮಾಡಿ ಕೇಳಿದರು.

"ಎಂಗೈತೆ ಮಾವ?" ಅಂದೆ.

"ನೋಡಣ," ಅಂದು ಸುತ್ತಿಗೆ ಕೆಳಗಿಟ್ಟು ಹೋದರು.

ನಾನು ತುಕ್ಕು ಉಜ್ಜಿದೆ. ಇಂಜಿನ್ ಕೂರಿಸಲು ಕೆಳಗಿನ ಪೈಪಿಗೆ ಪಟ್ಟಿ ಬೆಸೆದೆ. ನನ್ನ ಸೈಕಲ್ಲಿನ ಚಕ್ರ, ಸೀಟು, ಬ್ರೇಕು ಬಿಚ್ಚಿ ಇದಕ್ಕೆ ಹಾಕಿ, ಹಿಂದಿನ ಚಕ್ರಕ್ಕೆ ದೊಡ್ಡ ಪುಲ್ಲಿ ಕಟ್ಟಿ ಬೆಲ್ಟು ಹಾಕಿದೆ. ತಗಡು ಬಗ್ಗಿಸಿ ಟ್ಯಾಂಕು ಮಾಡಿ, ಫ್ರೇಮಿಗೂ ಅದಕ್ಕೂ ಕಡು ಹಸಿರು ಬಣ್ಣ ಬಳಿದೆ. ಒಂದೊಂದು ಕೆಲಸ ಮುಗಿದಾಗಲೂ ಮಾವ ಬಂದು ತಟ್ಟಿ ನೋಡುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು. ಆಮೇಲೆ ಅವರ ಹೆಜ್ಜೆ ಸದ್ದು ಕೇಳಿದರೆ ಕೈಯಲ್ಲಿದ್ದ ಸ್ಪ್ಯಾನರ್ ಹಾಗೇ ನಿಲ್ಲತೊಡಗಿತು. ಬೆಳಗ್ಗೆ ಎದ್ದರೆ ಕೊಟ್ಟಿಗೆ ಕಡೆಯಿಂದ ಟಣ್, ಟಣ್ ಎಂಬ ಸದ್ದು. ಹಾಸಿಗೆಯಲ್ಲೇ ಮಲಗಿ ನಾನೂ ಕೇಳುತ್ತಿದ್ದೆ. ಎಲ್ಲ ಒಂದೇ ಥರ ಕೇಳುತ್ತಿತ್ತು ನನಗೆ.

ಇಂಜಿನ್ ಮೊದಲ ಸಲ ಹೊತ್ತಿಕೊಂಡ ದಿನ ದನಗಳೆಲ್ಲ ಹಗ್ಗ ಜಗ್ಗಿ ಎದ್ದು ನಿಂತವು. ಸ್ಟ್ಯಾಂಡಿನ ಮೇಲೆ ಇಡೀ ಸೈಕಲ್ಲು ನಡುಗುತ್ತಿತ್ತು. ಇಂಜಿನ್ ನಿಲ್ಲಿಸಿದ ಮೇಲೆ ಮಾವ ಮುಂದಿನ ಕತ್ತಿನ ಹತ್ತಿರ, ಹ್ಯಾಂಡಲ್ಲಿಂದ ಇಳಿದು ಬರುವ ಪೈಪಿಗೆ ತಟ್ಟಿದರು. ಮತ್ತೆ ತಟ್ಟಿದರು.

"ದನಿ ಬದಲಾಗೈತೆ," ಅಂದರು.

ನನಗೆ ರೇಗಿತು. ನಾನು ಕಲಿತ ವಿದ್ಯೆಯಲ್ಲಿ ಇದಕ್ಕೊಂದು ಪರೀಕ್ಷೆ ಇದೆ. ಸೀಮೆಎಣ್ಣೆ ಸವರಿ, ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದರೆ ಬಿರುಕಿರುವ ಕಡೆ ಒಳಗಿನ ಎಣ್ಣೆ ಜಿನುಗಿ ಗೆರೆ ಮೂಡುತ್ತದೆ. ಅವರ ಎದುರೇ ಆ ಜಾಗದ ಬಣ್ಣ ಕೆರೆದು ಮಾಡಿ ತೋರಿಸಿದೆ. ಪುಡಿ ಬೆಳ್ಳಗೆ ಒಣಗಿಯೇ ಇತ್ತು.

"ನೋಡಿ ಮಾವ, ಏನೂ ಇಲ್ಲ. ಚೆನ್ನಾಗೈತೆ ಅಂತ ಒಂದ್ಸಲ ಹೇಳಿಬಿಡಿ, ನೆಮ್ಮದಿಯಾಗಿ ಓಡಿಸ್ತೀನಿ."

ಅವರು ಜಗಲಿ ಮೇಲೆ ಕುಳಿತರು. "ಆ ಮಾತು ನನ್ ಬಾಯಲ್ಲಿ ಬರಾಕಿಲ್ಲ ಕಣಮ್ಮ," ಅಂದರು. ಆಮೇಲೆ, ಮದುವೆಯಾಗಿ ಬಂದ ಇಷ್ಟು ವರ್ಷಗಳಲ್ಲಿ ನಾನು ಕೇಳದೇ ಇದ್ದುದನ್ನು ಹೇಳಿದರು. ಗಣಿಯಲ್ಲಿ ಕೆಲಸಕ್ಕೆ ಮುಂಚೆ ತಲೆ ಮೇಲಿನ ಬಂಡೆಗೆ ಕಬ್ಬಿಣದ ಗಡಾರಿಯಿಂದ ತಟ್ಟಿ ನೋಡುವುದು ಅವರ ಪಾಲಿನ ಕೆಲಸ. ಟಣ್ ಅಂದರೆ ಗಟ್ಟಿ, ಬೊದ್ ಎಂದು ಮಂಕಾಗಿ ಕೇಳಿದರೆ ಸಡಿಲ. "ಅವತ್ತು ತಟ್ಟಿದೆ. ಚೆನ್ನಾಗಿಯೇ ಕೇಳ್ತು. ಚೆನ್ನಾಗೈತೆ, ಓಗ್ರಪ್ಪಾ ಅಂತ ನಾನೇ ಏಳ್ದೆ. ಇಬ್ರು ಒಳಕ್ಕೋದ್ರು. ಒಬ್ಬ ಈಚೆಗೆ ಬಂದ."

ಅಷ್ಟೇ ಹೇಳಿ ಎದ್ದು ದನಗಳಿಗೆ ಹುಲ್ಲು ಹಾಕಲು ಹೋದರು. ನಾನು ಪುಡಿ ಒರೆಸಿ ಮತ್ತೆ ಬಣ್ಣ ಬಳಿದೆ.

ಓಡಿಸತೊಡಗಿದೆ. ಊರಿನ ಬಾಗಿಲಿನವರೆಗೆ, ಆಮೇಲೆ ಕೆರೆ ಏರಿಯವರೆಗೆ, ಆಮೇಲೆ ದಿನಾ ಅಂಗಡಿಗೆ. ಬಂಗಾರಪೇಟೆಯಲ್ಲಿ ಜನ ನಿಂತು ನೋಡುತ್ತಿದ್ದರು. ಇಂಜಿನ್ನಿನ ಗದ್ದಲದೊಳಗೆ ಇನ್ನೊಂದು ಸದ್ದು ಇದೆಯೇನೋ ಎಂದು ನನ್ನ ಕಿವಿ ಮಾತ್ರ ಅತ್ತಲೇ ಇರುತ್ತಿತ್ತು. ಪ್ರತಿ ಹಳ್ಳಕ್ಕೂ ಹಲ್ಲು ಕಚ್ಚುತ್ತಿದ್ದೆ. ಹೀಗೆ ತಿಂಗಳು ಕಳೆದರೂ ಏನೂ ಆಗಲಿಲ್ಲ.

ಒಂದು ಬೆಳಗ್ಗೆ ಮಾವ ಒಗೆದ ಅಂಗಿ ಹಾಕಿಕೊಂಡು ಬಂದು ನಿಂತರು. ವರ್ಷಕ್ಕೊಮ್ಮೆ ಪಿಂಚಣಿಗಾಗಿ ರಾಬರ್ಟ್‌ಸನ್‌ಪೇಟೆಯ ಬ್ಯಾಂಕಿಗೆ ಹೋಗಿ, ಬದುಕಿದ್ದೇನೆ ಎಂದು ಹೆಬ್ಬೆಟ್ಟು ಒತ್ತಿ ಬರಬೇಕು. ಯಾವಾಗಲೂ ಬಸ್ಸಿಗೆ ಹೋಗುತ್ತಿದ್ದವರು, "ಇದ್ರಾಗೇ ಓಗಣ, ಕೂರಿಸ್ಕೋ," ಅಂದರು.

"ಬೇಡ ಮಾವ. ನಿಮಗೆ ಇದರ ಮೇಲೆ ನಂಬಿಕೆ ಇಲ್ಲ."

"ಅದಕ್ಕೇ ಬತ್ತೀನಿ. ನೀನೊಬ್ಳೇ ದಿನಾ ಓಗ್ತಿದ್ರೆ ನಾನಿಲ್ಲಿ ಕೂತು ಏನ್ ಮಾಡ್ಲಿ?"

ಕ್ಯಾರಿಯರಿಗೆ ಗೋಣಿಚೀಲ ಮಡಚಿ ಕಟ್ಟಿ ಅವರನ್ನು ಕೂರಿಸಿಕೊಂಡೆ. ಬ್ಯಾಂಕಿನ ಕೆಲಸ ಬೇಗ ಮುಗಿಯಿತು. ಬರುವಾಗ ಚಾಂಪಿಯನ್ ರೀಫ್ಸ್ ಕಡೆಯಿಂದ ಸುತ್ತಿಕೊಂಡು ಹೋಗೋಣ ಎಂದರು. ಗಣಿಗೆ ಇಳಿಯುತ್ತಿದ್ದ, ಈಗ ಮುಚ್ಚಿದ ಶಾಫ್ಟಿನ ಬೇಲಿ ಹತ್ತಿರ ಇಳಿದು ಒಳಗೆ ಇಣುಕಿದರು. ಬೇಲಿಯೊಳಗೆ ಜಾಲಿ ಬೆಳೆದು ಏನೂ ಕಾಣುತ್ತಿರಲಿಲ್ಲ. ಕೆಳಗೆಲ್ಲ ಈಗ ನೀರು ತುಂಬಿದೆ ಅಂದರು. ಗಾಳಿಗೆ, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಬೂದಿ ಧೂಳು ಎದ್ದು ನಮ್ಮ ಬಾಯಿಗೆಲ್ಲ ಬಂತು.

ಮತ್ತೆ ಹೊರಟು ಇಳಿಜಾರಿಗೆ ಬಂದಿದ್ದೆವು. ವೇಗ ಹಿಡಿಯುತ್ತಿತ್ತು. ಸೀಟಿನ ಕೆಳಗಿನ ಪೈಪನ್ನು ಹಿಡಿದಿದ್ದ ಅವರ ಕೈ ನನ್ನ ಬೆನ್ನಿಗೆ ಬಂತು.

"ನಿಲ್ಲಿಸು."

"ಇಳಿಜಾರು ದಾಟಲಿ ಮಾವ."

"ಈಗ್ಲೇ ನಿಲ್ಲಿಸಮ್ಮ."

ಅವರ ದನಿ ಏರಿರಲಿಲ್ಲ. ಅದಕ್ಕೇ ಹೆದರಿ ಎರಡೂ ಬ್ರೇಕು ಹಿಡಿದೆ. ಸೈಕಲ್ಲು ನಿಂತು, ನಾನು ಕಾಲೂರುವ ಹೊತ್ತಿಗೆ ಮುಂಭಾಗ ತಗ್ಗಿದಂತಾಯಿತು. ಬಗ್ಗಿ ನೋಡಿದೆ. ಕತ್ತಿನ ಕೆಳಗೆ, ನಾನು ಪುಡಿ ಉದುರಿಸಿದ್ದ ಅದೇ ಜಾಗದಲ್ಲಿ, ಹಸಿರು ಬಣ್ಣ ಸೀಳಿ ಪೈಪು ಬಾಯಿ ಬಿಟ್ಟಿತ್ತು. ಒಂದು ಬದಿಯ ಚೂರು ಕಬ್ಬಿಣವಷ್ಟೇ ಹಿಡಿದುಕೊಂಡಿತ್ತು.

ನಾನು ರಸ್ತೆ ಬದಿಯ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಮಾವ ಹತ್ತಿರ ಬರಲಿಲ್ಲ. ಸೈಕಲ್ಲನ್ನು ಹಿಡಿದುಕೊಂಡು ಇಳಿಜಾರಿನ ಕೊನೆಯನ್ನೇ ನೋಡುತ್ತಿದ್ದರು. ಅಲ್ಲಿ ತಿರುವು, ತಿರುವಿನಾಚೆ ಲಾರಿಗಳು. ಅವರ ಮುಖದಲ್ಲಿ ಸಮಾಧಾನ ಇರಬಹುದು ಎಂದುಕೊಂಡಿದ್ದೆ. ಇರಲಿಲ್ಲ. ತೀರಾ ದಣಿದಂತೆ ಕಂಡರು.

ಒಂದು ಗೂಡ್ಸ್ ಆಟೋದಲ್ಲಿ ಸೈಕಲ್ಲು ಹಾಕಿಕೊಂಡು ಮನೆಗೆ ಬಂದೆವು. ದಾರಿಯಲ್ಲಿ ನನಗೆ ಅವರ ಮೇಲೆ ಸಿಟ್ಟು ಬಂತು. ಮೊದಲ ದಿನವೇ ಬೇಡ ಎನ್ನಬಹುದಿತ್ತಲ್ಲ ಎಂದು ಕೇಳಿಯೂ ಬಿಟ್ಟೆ.

"ಗೊತ್ತಿದ್ರೆ ಏಳ್ತಿದ್ದೆ," ಅಂದರು. "ಗೊತ್ತಿರ್ಲಿಲ್ಲ. ಅನುಮಾನ ಇತ್ತು, ಅಷ್ಟೇ."

ಪೈಪು ಕತ್ತರಿಸಿದಾಗ ಒಳಗಿಂದ ತುಕ್ಕಿನ ಪುಡಿ ಒಂದು ಹಿಡಿಯಷ್ಟು ಸುರಿಯಿತು. ಹೊರಗಿನಿಂದ ಏನೂ ತೋರದಂತೆ ಒಳಗೇ ತಿಂದು ಹಾಕಿತ್ತು. ನನ್ನ ಸೀಮೆಸುಣ್ಣಕ್ಕೆ ಅದು ಕಾಣುವಂಥದ್ದಲ್ಲ. ಹೊಸ ಪೈಪು ತಂದು, ಕೀಲುಗಳಿಗೆಲ್ಲ ಒಳಗೆ ಇನ್ನೊಂದು ಕೊಳವೆ ಕೊಟ್ಟು, ಇಡೀ ಫ್ರೇಮನ್ನು ಮತ್ತೆ ಬೆಸೆದೆ. ಗಂಡ ಬೇಡವೆಂದ. ಆದರೂ ಮಾಡಿದೆ.

ಕೆಲಸ ಮುಗಿದ ಸಂಜೆ ಸುತ್ತಿಗೆ ತೆಗೆದುಕೊಂಡು ಹೋಗಿ ಮಾವನ ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಕಿವಿ ಮಂದ ಆಗೈತೆ ಕಣಮ್ಮ. ಈಗೇನೂ ತಿಳಿಯಾಕಿಲ್ಲ," ಅಂದರು.

ನಾನು ದಿನಾ ಅದರ ಮೇಲೇ ಕೆಲಸಕ್ಕೆ ಹೋಗುತ್ತೇನೆ. ಮಾವ ಆಮೇಲೆ ಒಂದು ಸಲವೂ ಅದನ್ನು ಮುಟ್ಟಿಲ್ಲ. ಕೊಟ್ಟಿಗೆಯಲ್ಲಿ ಕರು ಮಗ್ಗುಲು ಬದಲಿಸಿದರೂ ಮನೆಯಲ್ಲಿ ಮೊದಲು ಕೇಳಿಸುವುದು ಅವರಿಗೇ.