ಪೇಟೆಂಟ್ ಪೆಂಡಿಂಗ್ ಎಂದಿದ್ದ ದೀಪ

ಸೋಮವಾರದ ದಿನಚರಿಯಲ್ಲಿ ನಾನು ಬರೆದದ್ದು ಒಂದೇ ಸಾಲು: ಮಾವಶಿಯ ಗ್ಯಾಸ್‌ಲೈಟ್ ಹೋಯಿತು.

ಮಾವಶಿ ಎಂದರೆ ಹಾರವಾಡದಲ್ಲಿರುವ ನನ್ನ ಅಮ್ಮನ ತಂಗಿ. ಅಂಕೋಲೆಯಲ್ಲಿ ಮೀನು ಮಾರುತ್ತಾಳೆ. ಸೀಮೆಎಣ್ಣೆಯ ಆ ಹಿತ್ತಾಳೆ ದೀಪವನ್ನು ಅವಳ ಮಾವ ದೋಣಿಗೆ ಒಯ್ಯುತ್ತಿದ್ದರು. ಅವರದೆಂದು ಮನೆಯಲ್ಲಿ ಉಳಿದದ್ದು ಅದೊಂದೇ. ಕೋಡಿಬಾಗದಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟವನೊಬ್ಬ ಮನೆಗೆ ಬಂದು ಅದರ ತಳ ತಿರುಗಿಸಿ ನೋಡಿದನಂತೆ. ಅಲ್ಲಿ ಇಂಗ್ಲಿಷಿನಲ್ಲಿ ‘ಪೇಟೆಂಟ್ ಪೆಂಡಿಂಗ್’ ಎಂದು ಅಚ್ಚೊತ್ತಿತ್ತು.

“ಪೆಂಡಿಂಗ್ ಅಂದ್ರೆ ಪಾಸಾಗ್ಲಿಲ್ಲ ಅಕ್ಕಾ. ಡುಪ್ಲಿಕೇಟ್ ಮಾಲು. ಇಟ್ಕಂಡು ಎಂತ ಮಾಡ್ತೆ?” ಎಂದವನೇ, ಚಾರ್ಜ್ ಮಾಡುವ ಟಾರ್ಚೊಂದನ್ನು ಕೊಟ್ಟು ದೀಪ ಒಯ್ದಿದ್ದ.

ಕೇಳಿ ನನಗೆ ಮೈ ಉರಿಯಿತು. ಪೆಂಡಿಂಗ್ ಎಂದರೆ ಅರ್ಜಿ ಹಾಕಿದೆ, ತೀರ್ಮಾನ ಬಂದಿಲ್ಲ, ಅಷ್ಟೇ. ಪೇಟೆಂಟ್ ಸಿಕ್ಕ ಮೇಲೆ ಅಲ್ಲಿ ಸಾಮಾನ್ಯವಾಗಿ ಅದರ ನಂಬರ್ ಬರುತ್ತದೆ. ಹಾಗಾಗಿ ಪೆಂಡಿಂಗ್ ಎಂದಿರುವುದು ಹೆಚ್ಚಾಗಿ ಆ ಮಾದರಿಯ ಮೊದಮೊದಲ ತಯಾರಿ. ಕೆಲವರು ಹಳೆಯ ಅಚ್ಚನ್ನೇ ಬಹುಕಾಲ ಒತ್ತುತ್ತಿದ್ದದ್ದೂ ಉಂಟು; ಅದೊಂದರಿಂದಲೇ ವರ್ಷ ಹೇಳಲಾಗದು. ಆದರೆ ನಕಲಿ ಎನ್ನಲು ಅದು ಆಧಾರವೇ ಅಲ್ಲ. ಹಳೆ ಸಾಮಾನಿನಿಂದಲೇ ಹೊಟ್ಟೆ ಹೊರೆಯುವವನಿಗೆ ಇದು ಗೊತ್ತಿರಲಿಲ್ಲವೇ?

ಗೊತ್ತಿತ್ತು. ಮುಂದಿನ ಭಾನುವಾರ ನಾನು ಅಂಗಡಿಗೆ ಹೋಗಿ ನೋಡಿದರೆ ದೀಪ ಅವನ ಗಾಜಿನ ಕಪಾಟಿನಲ್ಲಿತ್ತು. ಪಕ್ಕದಲ್ಲಿ ಚೀಟಿ: ‘ಅಸಲಿ. ಪೇಟೆಂಟ್ ಸಿಗುವ ಮೊದಲಿನದು. ಅಪರೂಪ.’

ಅಂಕೋಲೆಯ ಬಸ್ಸು ಹಿಡಿದು ಮೀನುಪೇಟೆಗೆ ಹೋಗಿ ಮಾವಶಿಗೆ ಹೇಳಿದೆ. ಅವಳು ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಹಾರವಾಡದ ಮನೆಯಿಂದ ಟಾರ್ಚ್ ಎತ್ತಿಕೊಂಡು, ನನ್ನೊಡನೆ ಕೋಡಿಬಾಗಕ್ಕೆ ಹೊರಟಳು.

“ಯಾಪಾರ ಮುಗ್ದು ಹೋಯ್ತಲ್ಲ ಅಕ್ಕಾ,” ಎಂದ ಅಂಗಡಿಯವ.

“ಯಾಪಾರ ನಂಗೆ ಕಲಿಸ್ಬೇಡ ಮಾರಾಯಾ. ನನ್ನ ಬಂಗ್ಡೆ ಹಳಸಿದ್ದು ಅಂದು ಒಯ್ದವ ಅದನ್ನೇ ಮುಂದಿನ ಓಣೀಲಿ ತಾಜಾ ಅಂತ ಮಾರಿದ್ರೆ, ನಮ್ಮ ಪೇಟೆ ಹೆಂಗಸ್ರು ಅವನ ಬುಟ್ಟಿ ಸಮೇತ ಎತ್ಕಂಡ್ ಬತ್ರು. ಡುಪ್ಲಿಕೇಟ್ ಅಂದವ ನೀನೇ ಅಲಾ? ಡುಪ್ಲಿಕೇಟಿಗೆ ಗಾಜಿನ ಕಪಾಟೆಂತಕ್ಕೆ? ತೆಗಿ ಹೊರಗೆ!”

ಗಿರಾಕಿಯೊಬ್ಬರು ಬಗ್ಗಿ ಚೀಟಿ ಓದತೊಡಗಿದರು. ಅಂಗಡಿಯವ ಕಪಾಟು ತೆರೆದ. ದೀಪದ ಗಾಜು ಮಾತ್ರ ತಾನು ಹೊಸದಾಗಿ ಹಾಕಿಸಿದ್ದೆಂದು ಬಿಚ್ಚಿಕೊಂಡ. “ಗಾಜು ಇಟ್ಕೋ, ನಿಂಗೆ ಮುಖ ನೋಡ್ಲಿಕ್ಕಾತು,” ಎಂದು ಮಾವಶಿ ಟಾರ್ಚನ್ನು ಅವನ ಮುಂದೆ ಕುಕ್ಕಿ, ದೀಪವನ್ನು ಕಂಕುಳಲ್ಲಿ ಇಟ್ಟುಕೊಂಡಳು.

ನಾವು ಮೆಟ್ಟಿಲು ಇಳಿಯುವಷ್ಟರಲ್ಲಿ ಅಂಗಡಿಯವ ಅದೇ ಚೀಟಿಯನ್ನು ಪಕ್ಕದ ಇನ್ನೊಂದು ದೀಪಕ್ಕೆ ಒರಗಿಸುತ್ತಿದ್ದ. ನಾನು ತಿರುಗಿ ಒಳಗೆ ಹೋಗಿ ಆ ದೀಪವನ್ನು ಎತ್ತಿ ತಳ ನೋಡಿದೆ. ಪೇಟೆಂಟ್ ನಂಬರ್ ಎದ್ದು ಕಾಣುತ್ತಿತ್ತು. ಗಿರಾಕಿಗೆ ಕೇಳುವಂತೆ ಒಂದೊಂದೇ ಅಂಕಿಯನ್ನು ಗಟ್ಟಿಯಾಗಿ ಓದಿದೆ.